ಯೂಟ್ಯೂಬ್ ಓಡತೈತಿ, ನಮ್ಮ ಸೀರಿ ವಿಡಿಯೋ ಗಿರಗಿರ ಸುತ್ತತೈತಿ. ಇದು ನೆಟ್ ನ್ಯೂಟ್ರಾಲಿಟಿ (ಲೈನಿನವರು ಎಲ್ಲಾ ಸೈಟ್ ಒಂದ ಥರ ನೋಡಬೇಕು ಅನ್ನೋ ನಿಯಮ) ಉಲ್ಲಂಘನೆ ಏನ್ರಿ?

ಸೆಕ್ಟರ್_ನವನಗರ:

ಎಲ್ರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ನವನಗರದಾಂವ, ಮನ್ಯಾಗ ಇಳಕಲ್ ಸೀರಿ ವ್ಯಾಪಾರ ಐತಿ, ಮೊದಲ ವಾಟ್ಸಾಪ್‌ನ್ಯಾಗ ಫೋಟೋ ಕಳಿಸಿ ಮಾರತಿದ್ವಿ, ಈಗ ಎಂಟ್ ತಿಂಗಳಾತು ಸ್ವಂತ ವೆಬ್‌ಸೈಟ್ ಮಾಡೇವಿ, ಗಿರಾಕಿಗೆ ದಡಿ, ಟೋಪ ತೆನಿ ಸೆರಗು, ಕಸೂತಿ ಎಲ್ಲಾ ನೀಟಾಗಿ ಕಾಣಬೇಕಂತ ಒಂದೊಂದು ಸೀರಿಗೆ ಒಂದೊಂದು ನಿಮಿಷದ ವಿಡಿಯೋ ಹಾಕೇವಿ. ತ್ರಾಸ ಏನಂದ್ರ ಸಂಜಿ ಎಂಟರಿಂದ ಹನ್ನೊಂದರ ತನಕ (ಗಿರಾಕಿ ಬರೋದೂ ಆಗ) ನಮ್ಮ ವಿಡಿಯೋ ಸುತ್ತಕೋತ ನಿಂತಬಿಡತೈತಿ. ಅದ ಲೈನು, ಅದ ಹೊತ್ತು, ಬಾಜೂ ಖೋಲ್ಯಾಗ ನಮ್ಮ ಹುಡುಗ ಯೂಟ್ಯೂಬ್‌ನ್ಯಾಗ 4ಕೆ ಹಚ್ಚಿಕೊಂಡು ಕುಂತಿರ್ತಾನ, ಅದಕ್ಕ ಒಂದ್ ಸರ್ತಿನೂ ತಡಿ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದ್ರ 100 ಎಂಬಿಪಿಎಸ್ ಬರೋಬ್ಬರಿ ತೋರಸತೈತಿ.

ಲೈನ್ ಹಾಕಿದ ಹುಡುಗನ್ನ ಕೇಳಿದ್ರ ‘ನಿಮ್ಮ ಸರ್ವರ್ ಸ್ಲೋ ಐತ್ರಿ ಅಣ್ಣಾರ’ ಅಂದ. ಮರುದಿನ ಅವರ ಏಜೆಂಟ್ ಫೋನ್ ಹಚ್ಚಿ ‘ತಿಂಗಳಿಗೆ 900 ಹೆಚ್ಚಿಗಿ ಕೊಡ್ರಿ, ಬಿಸಿನೆಸ್ ಪ್ಲ್ಯಾನ್ ಮಾಡ್ತೀವಿ, ನಮ್ಮ ಲೈನ್ ಇದ್ದ ಎಲ್ಲಾರ ಮನ್ಯಾಗೂ ನಿಮ್ಮ ಸೈಟ್ ಫಾಸ್ಟ್ ತಗೀತೈತಿ’ ಅಂದ. ಅಂದ್ರ ಮೊದಲ ಬೇಕಂತ ಸ್ಲೋ ಮಾಡಿ ಆಮ್ಯಾಲ ರೊಕ್ಕ ಕೇಳಾಕತ್ತಾರೇನು? ಅಮೆರಿಕಾದಾಗ 2025ರ ಜನವರಿಯೊಳಗ ಕೋರ್ಟ್ ಈ ನೆಟ್ ನ್ಯೂಟ್ರಾಲಿಟಿ ತಗದಹಾಕ್ತು ಅಂತ ಓದಿದ್ದೆ, ನಮ್ಮಲ್ಲಿ ಇನ್ನೂ ಐತೋ ಅದೂ ಹೋತೋ?

ಟೇಲೆಂಡ್_ರೈತ (ವಿಜಯಪುರ):

ಐತ್ರಿ, ಹೋಗಿಲ್ಲ. 2016ರ ಫೆಬ್ರುವರಿ 8ಕ್ಕ ಟ್ರಾಯ್ (ಫೋನ್, ಇಂಟರ್ನೆಟ್ ಕಂಪನಿಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥೆ) ನಿಯಮ ತಂತು, ನೀ ಯಾವ ಸೈಟ್ ನೋಡ್ತಿ ಅನ್ನೋದರ ಮ್ಯಾಲ ಡೇಟಾಕ್ಕ ಬ್ಯಾರೆ ಬ್ಯಾರೆ ರೇಟ್ ಹಚ್ಚಂಗಿಲ್ಲ, ಹಚ್ಚಿದ್ರ ದಿನಕ್ಕ 50,000 ದಂಡ, 50 ಲಕ್ಷದ ತನಕ. ಕೆಲವ ಸೈಟ್ ಅಷ್ಟ ಪುಕ್ಕಟೆ ಕೊಡೋ ಫೇಸ್‌ಬುಕ್‌ದ ಫ್ರೀ ಬೇಸಿಕ್ಸ್ ಅಂತ ಪೂರ್ತಿ ಪುಟದ ಜಾಹೀರಾತು ಬರತಿದ್ವಲ್ಲ, ಅದರ ಅಂಗಡಿ ಮುಚ್ಚಿದ್ದು ಇದರಿಂದನ. ಆದ್ರ ಅದು ರೇಟಿನ ಮಾತು. ಸ್ಪೀಡಿನ ಮಾತು, ಅಂದ್ರ ತಡಿಯೋದು, ಸ್ಲೋ ಮಾಡೋದು, ಒಬ್ಬನ್ನ ಮುಂದ ಬಿಡೋದು, ಇದನ್ನ ಮಾಡಂಗಿಲ್ಲ ಅನ್ನೋದನ್ನ 2018ರ ಜುಲೈದಾಗ ಸರ್ಕಾರ ಒಪ್ಪಿತು, ಆಮ್ಯಾಲ ಲೈಸೆನ್ಸ್ ಷರತ್ತಿನ್ಯಾಗ ಸೇರಿತು. ಅಮೆರಿಕಾದಾಗ ಸರ್ಕಾರ ಬದಲಾದಂಗ ಆಟ ಬದಲ್ರಿ, 2015ಕ್ಕ ತಂದ್ರು, 2017ಕ್ಕ ತಗದ್ರು, 2024ಕ್ಕ ಮತ್ತ ತಂದ್ರು, ಕೋರ್ಟ್ ಹೊಡದಹಾಕ್ತು.

ಹಿಂಗಾಗಿ ಏಜೆಂಟ್ ಹೇಳಿದ್ದು ಖರೆ ಇದ್ರ ಅದು ನೇರ ತಪ್ಪು. ಆದ್ರ ನನಗನಿಸಿದಂಗ ಅವಂಗ ತಾ ಏನ್ ಮಾರಾಕತ್ತೇನಿ ಅನ್ನೋದ ಗೊತ್ತಿಲ್ಲ. ಬಿಸಿನೆಸ್ ಪ್ಲ್ಯಾನ್ ಅಂದ್ರ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ), ಅಪ್‌ಲೋಡ್ ಹೆಚ್ಚು, ಮುಗೀತು. ನಿಮ್ಮ ಸೈಟ್ ಇರೋದು ನಿಮ್ಮ ಮನ್ಯಾಗಲ್ಲ, ಹೋಸ್ಟಿಂಗ್‌ನವರ ಸರ್ವರ್‌ನ್ಯಾಗ. ನಿಮ್ಮ ಮನಿ ಪೈಪ್ ದೊಡ್ಡದಾದ್ರ ಸೊಲ್ಲಾಪುರದ ಗಿರಾಕಿಗೆ ಏನ್ ಫರಕ್?

ಇನ್ನ ಯೂಟ್ಯೂಬ್ ಯಾಕ ಓಡತೈತಿ ಅಂದ್ರ, ನಮ್ಮ ಕಾಲುವಿ ಲೆಕ್ಕದಾಗ ಹೇಳ್ತೀನಿ. ನಂದು ಕಾಲುವಿ ಕಡೀಗಿನ ಹೊಲ, ಮ್ಯಾಲಿನವರೆಲ್ಲಾ ಒಮ್ಮಿಗೆ ನೀರು ಎತ್ತಿದ್ರ ನನಗ ಕೆಸರು ಬರತೈತಿ. ದೊಡ್ಡ ಕುಳ ಏನ್ ಮಾಡ್ತಾನ, ಹೊಲದಾಗ ಕೃಷಿ ಹೊಂಡ ತಗಸ್ತಾನ, ರಾತ್ರಿ ಎಲ್ಲಾರೂ ಮಲಗಿದಾಗ ತುಂಬಿಸಿಕೊಂಡು ಹಗಲು ಹೊಂಡದಿಂದ ಹಾಸ್ತಾನ. ಯೂಟ್ಯೂಬ್‌ದು ಹಂಗ, ಮಂದಿ ಹೆಚ್ಚು ನೋಡೋ ವಿಡಿಯೋದ ಕಾಪಿ ಲೈನ್ ಕೊಡೋವರ ಸರ್ವರ್ ಖೋಲಿಯಾಗ ಇಲ್ಲಾ ಬೆಂಗಳೂರಾಗ ಇಟ್ಟಿರ್ತಾರ. ಇದಕ್ಕ ಸಿಡಿಎನ್ ಅಂತಾರ, 2018ರ ನಿಯಮದಾಗ ಇದನ್ನ ಹೊರಗ ಇಟ್ಟಾರ. ಕಾಲುವಿ ಗೇಟ್ ಕಾಯಾಂವ ಒಬ್ಬನ ನೀರು ತಡಿಯೋದು ತಪ್ಪು, ಹೊಂಡ ತಗಿಯೋದು ತಪ್ಪಲ್ಲ. ಸ್ಪೀಡ್ ಟೆಸ್ಟ್ ಸರ್ವರ್ ಸೈತ ಭಾಳ ಸಲ ಲೈನಿನವರ ಒಳಗ ಇರತೈತಿ, ಅದು 100 ತೋರಿಸಿದ್ರ ಊರ ಬಾಗ್ಲ ತನಕ 100 ಐತಿ ಅಂತ, ಅಷ್ಟ. ಒಂದ್ ಸಲ ವಿಪಿಎನ್ (ಡೇಟಾಕ್ಕ ಮುಸುಕು ಹಾಕಿ ಬ್ಯಾರೆ ಸರ್ವರ್ ಮ್ಯಾಲಿಂದ ಕಳಿಸೋ ಆ್ಯಪ್) ಹಾಕಿ ನೋಡ್ರಿ, ಸೈಟ್ ಯಾವುದು ಅಂತ ಲೈನಿನವರಿಗೆ ಕಾಣಂಗಿಲ್ಲ, ಆಗ ಬೇಷ್ ಓಡಿದ್ರ ಅವರ ಮ್ಯಾಲ ಡೌಟ್ ಪಡಬಹುದು.

ಕುಂದಾ_ಬೈಟ್ (ಬೆಳಗಾವಿ):

ವಿಪಿಎನ್ ಪುರಾವೆ ಅಲ್ರಿ ಮತ್ತ. ವಿಪಿಎನ್ ಹಾಕಿದ್ರ ದಾರಿನೂ ಬದಲಾಗತೈತಿ, ಬ್ಯಾರೆ ದಾರಿ ಖಾಲಿ ಇತ್ತಂದ್ರ ಹಂಗೂ ಫಾಸ್ಟ್ ಆಗತೈತಿ.

ಹೊಂಡದ ಹೋಲಿಕಿ ಚೊಲೋ ಐತಿ, ಆದ್ರ ನೀವು ಅಲ್ಲೇ ನಿಲ್ಲಿಸಿದ್ರಿ. ಗೇಟ್ ಹಾಕಬ್ಯಾಡ ಅಂತ ನಿಯಮ ಐತಿ, ಸರಿ. ಗೇಟ್ ಹಾಕದ ಹೂಳು ತಗೀದ ಬಿಟ್ರ? ಹೊರಗಿನ ಇಂಟರ್ನೆಟ್‌ಗೆ ಹೋಗೋ ಲಿಂಕು ಸಂಜಿಗೆ ತುಂಬತೈತಿ ಅಂತ ಗೊತ್ತಿದ್ದೂ ದೊಡ್ಡದು ಮಾಡಂಗಿಲ್ಲ. ಯಾಕ ಮಾಡಬೇಕು, ಮಂದಿ ಬೈಯೋದು ಯೂಟ್ಯೂಬ್ ನಿಂತಾಗ, ಅದು ಹೊಂಡದಾಗ ಐತಿ. ನಿಮ್ಮ ಸೀರಿ ಸೈಟ್ ನಿಂತ್ರ ಬೈಯಾವ್ರು ನೀವೊಬ್ರ. ಯಾರೂ ಯಾರನ್ನೂ ತಡೀಲಿಲ್ಲ, ಆದ್ರೂ ಸಣ್ಣಾಂವನ ಹೊಲ ಒಣಗಿತು. ಕಾಗದದ ಮ್ಯಾಲ ಎಲ್ಲಾ ಸ್ವಚ್ಛ. ಅಮೆರಿಕಾದಾಗ ನೆಟ್‌ಫ್ಲಿಕ್ಸ್ ಮತ್ತ ಲೈನ್ ಕೊಡೋ ಕಂಪನಿ ಕಾಮ್‌ಕಾಸ್ಟ್ ನಡುವ ಇದ ಜಗಳ ಆಗಿತ್ತು, ಲಿಂಕ್ ತುಂಬಿ ತುಂಬಿ ವಿಡಿಯೋ ಹಾಳಾಗಿ, 2014ರ ಫೆಬ್ರುವರಿಗೆ ನೆಟ್‌ಫ್ಲಿಕ್ಸ್ ರೊಕ್ಕ ಕೊಟ್ಟು ನೇರ ಲಿಂಕ್ ಹಾಕಿಸಿಕೊಂಡ ಮ್ಯಾಲ ಬರೋಬ್ಬರಿ ಆತು. ಅದಕ್ಕ ರೊಕ್ಕ ಇತ್ತು ಕೊಡ್ತು. ಎಲ್ಲಾ ಪ್ಯಾಕೆಟ್ (ನೆಟ್‌ನ್ಯಾಗ ಹರಿಯೋ ಡೇಟಾದ ತುಣುಕು) ಒಂದ ಅಂತ ನಾವು 2015ರಾಗ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಈಮೇಲ್ ಕಳಿಸಿದ್ವಿ (ನಾನೂ ಒಬ್ಬ, ಆಗ ಇಂಜಿನಿಯರಿಂಗ್ ಕಡೀ ವರ್ಷ, ಹಾಸ್ಟೆಲ್ ವೈಫೈದಾಗ ಅದ ಒಂದ್ ಈಮೇಲ್ ಹೋಗಾಕ ಹತ್ತು ನಿಮಿಷ ಹಿಡೀತು), ಆದ್ರ ಹೂಳಿನ ಬಗ್ಗೆ ಯಾರೂ ಬರೀಲಿಲ್ಲ.

ಟವರ್_ನೆರಳು:

ಎಲ್ಲಾರೂ ಲೈನಿನವರನ್ನ ಬೈಯೋದ ಆತು. ಹೂಳು ತಗಿಯಾಕ ರೊಕ್ಕ ಯಾರು ಕೊಡಬೇಕ್ರಿ? ಊರೂರಿಗೆ ಫೈಬರ್ ಹಾಕೋರು ನಾವು, ರಸ್ತೆ ಅಗೀವಾಗ ಜೆಸಿಬಿ ಕೇಬಲ್ ಹರದ್ರ ರಾತ್ರಿ ಎರಡಕ್ಕ ಹೋಗಿ ಜೋಡಿಸೋರು ನಾವು, ನಾಲ್ಕೈದು ದೊಡ್ಡ ಆ್ಯಪ್‌ದವರು ಅದರ ಮ್ಯಾಲ ಪುಕ್ಕಟೆ ಜಾಹೀರಾತಿನ ರೊಕ್ಕ ಮಾಡ್ಕೋತಾರ. ಅವರೂ ಪಾಲು ಕೊಡ್ಲಿ ಅಂದ್ರ ನ್ಯೂಟ್ರಾಲಿಟಿ ಸತ್ತುಹೋತು ಅಂತೀರಿ.

ಕುಂದಾ_ಬೈಟ್ (ಬೆಳಗಾವಿ):

ರಾತ್ರಿ ಎರಡರ ಮಾತಿಗೆ ಕೈ ಮುಗಿದೆ, ಅದು ಖರೆ. ಆದ್ರ ಪುಕ್ಕಟೆ ಹೆಂಗಾತು? ಆ ವಿಡಿಯೋ ತಾನಾಗಿ ಹರದು ಬರಂಗಿಲ್ಲ, ಸೆಕ್ಟರ್ ಅವರ ಹುಡುಗ ಒತ್ತಿದ್ದಕ್ಕ ಬಂತು, ಅದಕ್ಕ ಅವರು ತಿಂಗಳ ಬಿಲ್ ಕಟ್ಯಾರ. ಒಂದ ಗಾಡಿಗೆ ಎರಡೂ ಕಡೆ ಬಾಡಿಗಿ ಕೇಳ್ದಂಗಾತು. ದಕ್ಷಿಣ ಕೊರಿಯಾದಾಗ ಹಂಗ ಮಾಡಿ ನೋಡ್ಯಾರ, ಡೇಟಾ ಕಳಿಸಾಂವ ರೊಕ್ಕ ಕೊಡಬೇಕಂತ. ಏನಾತು, ಗೇಮ್ ಆಡೋದನ್ನ ಲೈವ್ ತೋರಸೋ ಟ್ವಿಚ್‌ನವರು ಬ್ಯಾರೆ ದೇಶಕ್ಕಿಂತ ಹತ್ತು ಪಟ್ಟು ಖರ್ಚು ಬರತೈತಿ ಅಂತ ಹೇಳಿ 2024ರ ಫೆಬ್ರುವರಿಗೆ ಅಲ್ಲಿಂದ ಗಂಟು ಕಟ್ಟಿದ್ರು. ಅಂಥಾ ದೊಡ್ಡಾವ್ರ ತಡಕೊಳ್ಳಲಿಲ್ಲ, ನಾಳೆ ನವನಗರದ ಸೀರಿ ಅಂಗಡಿಗೂ ಚೀಟಿ ಬಂದ್ರ?

ಟವರ್_ನೆರಳು:

ಸೀರಿ ಅಂಗಡಿಗೆ ಯಾರು ಕೇಳ್ಯಾರ್ರಿ, ದೊಡ್ಡಾವರಿಗೆ ಅಷ್ಟ ಅಂತ ನಮ್ಮವರು ಮೊದಲಿಂದ ಹೇಳಾಕತ್ತಾರ. ಇರ್ಲಿ. ಸೆಕ್ಟರ್ ಅವರ, ನಿಮ್ಮ ಸೈಟಿನ ವಿಡಿಯೋ ಫೈಲ್ ಎಷ್ಟು ದೊಡ್ಡದದ? ನೀವು ಮ್ಯಾಲ ಹೇಳಿದ ‘ಒಂದು ನಿಮಿಷ’ ಎಷ್ಟು ಎಂಬಿ?

ಸೆಕ್ಟರ್_ನವನಗರ:

340 ಎಂಬಿ ಐತ್ರಿ. ಫೋನ್‌ನ್ಯಾಗ 4ಕೆ ತಗದದ್ದು ಹಂಗ ಹಾಕೇವಿ. ಯಾಕ್ರಿ?

ಟವರ್_ನೆರಳು:

ಅಯ್ಯೋ ಶಿವನ. 340 ಗುಣಲೆ 8 ಭಾಗಲೆ 60 ಮಾಡ್ರಿ (ಒಂದ್ ಬೈಟ್‌ಗೆ 8 ಬಿಟ್, ನಿಮಿಷಕ್ಕ 60 ಸೆಕೆಂಡ್), 45 ಎಂಬಿಪಿಎಸ್ ಬಂತು. ಒಂದ ಸಮ 45 ಹರದ್ರ ಮಾತ್ರ ನಿಮ್ಮ ಸೆರಗು ನಿಲ್ಲದ ಕಾಣತೈತಿ. ಯೂಟ್ಯೂಬ್ ಹಂಗ ಮಾಡಂಗಿಲ್ಲ, ಒಂದ ವಿಡಿಯೋದ ಐದಾರು ಸೈಜ್ ಇಟ್ಟಿರತೈತಿ, ಲೈನ್ ಬಿಗಿ ಆದ್ರ ಸದ್ದಿಲ್ಲದ ಸಣ್ಣದಕ್ಕ ಇಳೀತೈತಿ, ನಿಮ್ಮ ಹುಡುಗ 4ಕೆ ಅಂತ ತಿಳಕೊಂಡು 1080 ನೋಡಾಕತ್ತಿರಬಹುದು. ಸರ್ವರ್ ಎಲ್ಲಿ ಐತಿ?

ಸೆಕ್ಟರ್_ನವನಗರ:

ಅಮೆರಿಕಾ ಅಂತ ಬರತೈತ್ರಿ. ಅಗ್ಗ ಸಿಕ್ತು ಅಂತ ತಗೊಂಡಿದ್ವಿ.

ಟೇಲೆಂಡ್_ರೈತ (ವಿಜಯಪುರ):

ಅಮೆರಿಕಾದಿಂದ ಬಾಗಲಕೋಟಿಗೆ ಸೀರಿ ತರಸಾಕತ್ತೀರಿ ಅಂದಂಗಾತು. ಮುಂಬೈದಾಗ ಸರ್ವರ್ ಇದ್ದ ಹೋಸ್ಟಿಂಗ್‌ಗೆ ಹೋಗ್ರಿ, ಸಣ್ಣಾವರಿಗೆ ಪುಕ್ಕಟೆ ಕೊಡೋ ಸಿಡಿಎನ್ ಕಂಪನಿನೂ ಅದಾವ, ಪೂರಾ ಹೊಂಡ ತಗಸೋದು ಬ್ಯಾಡ, ದೊಡ್ಡಾಂವನ ಹೊಂಡದಾಗ ಒಂದ್ ಮೂಲಿ ಬಾಡಿಗಿ. ಕುಂದಾ, ನಿಮ್ಮ ಹೂಳಿನ ಮಾತು ಆದ್ರೂ ಸುಳ್ಳಲ್ಲ, ಅದಕ್ಕ ನನ್ನ ಹತ್ರ ಉತ್ತರ ಇಲ್ಲ.

ಸೆಕ್ಟರ್_ನವನಗರ (ಹನ್ನೆರಡು ದಿನದ ಮ್ಯಾಲ):

ಏನಾತು ಹೇಳಾಕ ಬಂದೆ. ಮೊದಲ ಟ್ರೇಸ್‌ರೂಟ್ (ಡೇಟಾ ಯಾವ ಯಾವ ಜಾಗ ದಾಟತೈತಿ, ಎಷ್ಟು ಹೊತ್ತು ಹಿಡೀತೈತಿ ಅಂತ ನೋಡೋದು) ಮಾಡಿದೆ, ಅಮೆರಿಕಾ ಸರ್ವರ್‌ಗೆ ಮುಂಜಾನೆ 6ಕ್ಕ 230 ಮಿಲಿಸೆಕೆಂಡ್, ರಾತ್ರಿ 9.40ಕ್ಕ 410, ಅದೂ ಲೈನಿನವರ ನೆಟ್‌ವರ್ಕ್ ದಾಟೋ ಜಾಗದಾಗ ಒಮ್ಮಿಗೇ ಜಿಗೀತೈತಿ, ಕುಂದಾ ಅವರ ಹೂಳು ಅಲ್ಲೇ ಐತಿ ಅನಸತೈತಿ. ವಿಡಿಯೋ 720ಕ್ಕ ಇಳಿಸಿದೆ, 340 ಇದ್ದದ್ದು 18 ಎಂಬಿ ಆತು, ಮುಂಬೈಗೆ ಬದಲಿ ಮಾಡಿದೆ, ಒತ್ತಿದ ಕೂಡ್ಲೆ ಓಡಾಕತ್ತು. ಆದ್ರ ಪುಣೆದ ಒಬ್ಬ ಗಿರಾಕಿ ಫೋನ್ ಮಾಡಿ ‘ಕಸೂತಿ ಕೈಯಿಂದ ಹಾಕಿದ್ದೋ ಮಷೀನಿಂದೋ ತಿಳಿಯವಲ್ದು, ದಾರ ಎಲ್ಲಾ ಕಲಸಿದಂಗ ಕಾಣತೈತಿ’ ಅಂದ್ರು, ಹಂಗಾಗಿ ಸೆರಗಿನ ವಿಡಿಯೋ ಅಷ್ಟ 1080 ಮಾಡಿ 35 ಎಂಬಿಗೆ ತಂದೇನಿ, ಅದೂ ಈಗ ನಿಲ್ಲಾಕತ್ತಿಲ್ಲ.

ಏಜೆಂಟ್ ಮತ್ತ ಫೋನ್ ಹಚ್ಚಿದ್ದ. ‘900 ಕೊಡ್ತೀನಿ, ಎಲ್ಲಾರ ಮನ್ಯಾಗೂ ನಮ್ಮ ಸೈಟ್ ಫಾಸ್ಟ್ ಮಾಡ್ತೀವಿ ಅಂದ್ರೆಲ್ಲ, ಅದನ್ನ ವಾಟ್ಸಾಪ್‌ನ್ಯಾಗ ಬರದು ಕಳಿಸ್ರಿ’ ಅಂದೆ. ಕೈ ಮುಗಿಯೋ ಚಿತ್ರ ಒಂದು ಬಂತು, ಅದರ ಮ್ಯಾಲ ಏನೂ ಇಲ್ಲ.