ಡ್ರಸೀನಾ ಗಿಡದ ತೊಂದರೆಗಳು: ತಜ್ಞರನ್ನು ಕೇಳಿ

ತಜ್ಞೆ: ನಮಸ್ಕಾರ. ಸಸ್ಯರೋಗ ನನ್ನ ಕೆಲಸ. ಇವತ್ತು ಡ್ರಸೀನಾ ಬಗ್ಗೆ ಮಾತ್ರ ಕೇಳಿ. ನೀರು ಯಾವಾಗ ಹಾಕುತ್ತೀರಿ, ಕುಂಡದ ತಳದಲ್ಲಿ ತೂತು ಇದೆಯಾ, ಬೆಳಕು ಎಷ್ಟು ಬರುತ್ತದೆ, ತೊಂದರೆ ಹಳೇ ಎಲೆಯಲ್ಲೋ ಹೊಸ ಎಲೆಯಲ್ಲೋ, ಇಷ್ಟು ಬರೆಯಿರಿ. ಸುಮ್ನೆ "ಗಿಡ ಯಾಕೋ ಸರಿ ಇಲ್ಲ" ಅಂದರೆ ನಾನು ಏನೂ ಹೇಳಲಾಗುವುದಿಲ್ಲ.

ಹಸಿರೆಲೆ: ಮೇಡಂ, ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಉಳಿದ ಭಾಗ ಹಸಿರಾಗೇ ಇದೆ. ನಲ್ಲಿ ನೀರು ಹಾಕುತ್ತೇನೆ. ಕುಂಡಕ್ಕೆ ತೂತು ಇದೆ.

ತಜ್ಞೆ: ಹೆಚ್ಚಾಗಿ ನೀರಿನಲ್ಲಿರುವ ಫ್ಲೋರೈಡ್. ಡ್ರಸೀನಾಗೆ ಅದು ಸ್ವಲ್ಪವೂ ಆಗಿಬರುವುದಿಲ್ಲ. ಬೇರು ಎಳೆದುಕೊಂಡ ನೀರು ಎಲೆಯಿಂದ ಆವಿಯಾಗುತ್ತದೆ, ಫ್ಲೋರೈಡ್ ಮಾತ್ರ ತುದಿಯಲ್ಲೇ ಸೇರಿಕೊಳ್ಳುತ್ತದೆ. ಮಳೆ ನೀರು ಅಥವಾ ಆರ್‌ಒ ನೀರು ಹಾಕಿ. ಸೂಪರ್ ಫಾಸ್ಫೇಟ್ ಗೊಬ್ಬರ ಬೇಡ, ಅದರಲ್ಲೂ ಫ್ಲೋರೈಡ್ ಇರುತ್ತದೆ. ಗೊಬ್ಬರ ಜಾಸ್ತಿಯಾದರೂ, ಮಣ್ಣು ಪದೇ ಪದೇ ಪೂರ್ತಿ ಒಣಗಿದರೂ ತುದಿ ಹೀಗೇ ಸುಡುತ್ತದೆ, ಅದನ್ನೂ ನೋಡಿಕೊಳ್ಳಿ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಕತ್ತರಿಸುವುದಾದರೆ ಕಂದು ಅಂಚು ಕೂದಲೆಳೆಯಷ್ಟು ಉಳಿಸಿ ಕತ್ತರಿಸಿ.

ಮೊದಲ ಕುಂಡ: ನೀರನ್ನು ಒಂದು ರಾತ್ರಿ ಬಕೆಟ್‌ನಲ್ಲಿ ತೆರೆದಿಟ್ಟರೆ ಸಾಕು ಅಂತ ಒಂದು ಫಾರ್ವರ್ಡ್ ಬಂದಿತ್ತು.

ತಜ್ಞೆ: ಅದರಿಂದ ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಬಿಸಿಲು ಬಾಲ್ಕನಿ: ನನ್ನ ಗಿಡದ್ದೂ ತುದಿ ಕಂದು ಆಗಿದೆ. ಏನು ಮಾಡಲಿ ಮೇಡಂ?

ತಜ್ಞೆ: ಮೇಲೆ ಬರೆದಿದ್ದೇನೆ, ಓದಿ.

ನೀರ ಬಿದಿರು: ನೀರಿನಲ್ಲಿಟ್ಟ ಲಕ್ಕಿ ಬ್ಯಾಂಬೂ ಕೂಡ ಡ್ರಸೀನಾನೇ ಅಲ್ವಾ? ಒಂದು ಕಡ್ಡಿ ಹಳದಿ ಆಗಿದೆ.

ಮಣ್ಣಿನ ಮಡಕೆ: ಮೇಡಂ, ಒಂದೇ ಕುಂಡದಲ್ಲಿ ಮೂರು ಕಾಂಡ ಇರುವ ಗಿಡ. ಅಗಲ ಎಲೆ, ಮಧ್ಯದಲ್ಲಿ ಹಳದಿ ಪಟ್ಟೆ. ಎತ್ತರದ ಕಾಂಡದ ಎಲೆಗಳೆಲ್ಲ ಜೋತುಬಿದ್ದಿವೆ. ಮೇಲ್ಮಣ್ಣು ಒಣಗಿದಂತೆ ಕಂಡಿತು, ನೀರು ಜಾಸ್ತಿ ಮಾಡಿದೆ. ಆಮೇಲೆ ಇನ್ನೂ ಬಾಡಿತು. ಬುಡ ಒತ್ತಿದರೆ ಮೆತ್ತಗಿದೆ. ಉಳಿದ ಎರಡು ಕಾಂಡ ಚೆನ್ನಾಗೇ ಇವೆ. ಅದು ಹೇಗೆ?

ತಜ್ಞೆ: ನೀರು ಹಾಕುವುದನ್ನು ಈಗಲೇ ನಿಲ್ಲಿಸಿ. ಕುಂಡವನ್ನು ಇನ್ನೊಂದು ಅಂದದ ಕುಂಡದೊಳಗೆ ಇಟ್ಟಿದ್ದೀರಾ? ಎತ್ತಿ ನೋಡಿ. ವಾಸನೆ ಬರುತ್ತಿದೆಯಾ?

ಮಣ್ಣಿನ ಮಡಕೆ: ಹೌದು. ಹೊರಗಿನ ಕುಂಡದಲ್ಲಿ ನೀರು ನಿಂತಿದೆ. ಕೊಳೆತ ವಾಸನೆ ಬರುತ್ತಿದೆ.

ಎಲೆ ಸಂತೆ: ದಾಲ್ಚಿನ್ನಿ ಪುಡಿ ಹಚ್ಚಿ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ. ನನಗೆ ಬಂದ ಫಾರ್ವರ್ಡ್ ಇಲ್ಲಿ ಹಾಕುತ್ತೇನೆ, ಎಲ್ಲರೂ ನೋಡಿ.

ತಜ್ಞೆ: ದಯವಿಟ್ಟು ಹಾಕಬೇಡಿ.

ಮಣ್ಣಿನ ಮಡಕೆ ಅವರೇ, ನಿಮ್ಮ ಗಿಡ ಅವಸರದ್ದು, ನಿಧಾನವಾಗಿ ಓದಿ. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದೆ ಅಂದರೆ ಬೇರು ನೀರು ಎಳೆಯುತ್ತಿಲ್ಲ. ಬೇರಿಗೆ ಗಾಳಿ ಬೇಕು. ನಿಂತ ನೀರಿನಲ್ಲಿ ಅದು ಉಸಿರುಗಟ್ಟಿ ಸಾಯುತ್ತದೆ. ಆಗ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣು ಸುಲಭವಾಗಿ ಒಳಗೆ ಹೋಗುತ್ತವೆ. ಬುಡ ಮೆತ್ತಗಾಗಿ ನಾತ ಬಂದರೆ ಬ್ಯಾಕ್ಟೀರಿಯಾದ ಕೊಳೆತವೂ ಸೇರಿಕೊಂಡಿದೆ ಎಂದೇ ಲೆಕ್ಕ. ಮೇಲ್ಮಣ್ಣು ಒಣಗಿದ್ದು ನಿಮ್ಮನ್ನು ದಾರಿ ತಪ್ಪಿಸಿತು. ತಳದಲ್ಲಿ ಕೆಸರೇ ಇತ್ತು.

ಒಂದೇ ಕಾಂಡ ಯಾಕೆ ಅಂದಿರಿ. ಅದು ಒಂದು ಗಿಡವಲ್ಲ, ಮೂರು. ಉದ್ದದ ಕಾಂಡಗಳನ್ನು ತುಂಡು ಮಾಡಿ, ಬೇರು ಬರಿಸಿ, ಬೇರೆ ಬೇರೆ ಎತ್ತರದ ತುಂಡುಗಳನ್ನು ಒಟ್ಟಿಗೆ ನೆಟ್ಟು ಮಾರುತ್ತಾರೆ. ಪ್ರತಿ ತುಂಡಿಗೂ ತನ್ನದೇ ಬೇರು. ಅದಕ್ಕೇ ಒಂದು ಕೊಳೆತರೂ ಪಕ್ಕದ್ದು ಇನ್ನೂ ಚೆನ್ನಾಗಿರಬಹುದು. ಆದರೆ ಮೂರಕ್ಕೂ ಮಣ್ಣು ಒಂದೇ. ಇವತ್ತೇ ಕೈಹಾಕದಿದ್ದರೆ ಉಳಿದ ಎರಡೂ ಹೋಗಬಹುದು.

ಪೂರ್ತಿ ಹೊರಗೆ ತೆಗೆಯಿರಿ. ಬೇರು ತೊಳೆದು ನೋಡಿ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುವ ಬೇರು ಸತ್ತದ್ದು. ಬಿಳಿ ಅಥವಾ ಕಿತ್ತಳೆ ಬಣ್ಣದ ಗಟ್ಟಿ ಬೇರು ಜೀವಂತ. ಡ್ರಸೀನಾ ಬೇರು ಕಿತ್ತಳೆ ಇರುವುದು ಸಹಜ, ರೋಗ ಅಂದುಕೊಂಡು ಕತ್ತರಿಸಿಬಿಡಬೇಡಿ. ಕೊಳೆತ ಕಾಂಡವನ್ನು ಬೇರೆ ಮಾಡಿ, ಮೆತ್ತಗಿರುವ ಜಾಗಕ್ಕಿಂತ ಮೇಲೆ ಕತ್ತರಿಸಿ. ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ಮುಖದ ಫೋಟೊ ಹಾಕಿ. ಹಳೇ ಮಣ್ಣು ಎಸೆಯಿರಿ, ಬೇರೆ ಗಿಡಕ್ಕೂ ಬೇಡ.

ಎಲೆ ಸಂತೆ: ದಾಲ್ಚಿನ್ನಿಯಿಂದ ನನ್ನ ಗಿಡ ಉಳಿದಿದೆ. ಅನುಭವದ ಮಾತು.

ಕಿಟಕಿ ಪಕ್ಕ: ಅದೇ ಹೊತ್ತಿಗೆ ನೀರನ್ನೂ ಕಡಿಮೆ ಮಾಡಿದ್ದಿರಿ ಅಲ್ವಾ? ನೀವೇ ಹಿಂದೆ ಇಲ್ಲಿ ಬರೆದಿದ್ದಿರಿ.

ಎಲೆ ಸಂತೆ: ನಿಮ್ಮನ್ನು ಯಾರೂ ಕೇಳಲಿಲ್ಲ.

ತಜ್ಞೆ: ಪುಡಿ ಹೊರಗೇ ಕೂರುತ್ತದೆ, ಕೊಳೆತ ಒಳಗಿದೆ. ಪೆರಾಕ್ಸೈಡ್ ಗಟ್ಟಿಯಿದ್ದರೆ ಉಳಿದ ಒಳ್ಳೆ ಬೇರೂ ಸುಡುತ್ತದೆ. ಕೊಳೆತ ಭಾಗ ತೆಗೆಯದೆ ಏನು ಸುರಿದರೂ ಗಿಡ ಉಳಿಯುವುದಿಲ್ಲ.

ಬೆಕ್ಕಿನಮ್ಮ: ಮೇಡಂ ಅರ್ಜೆಂಟ್! ಬೆಕ್ಕು ಎಲೆ ಜಗಿದಿದೆ. ಜೊಲ್ಲು ಸುರಿಯುತ್ತಿದೆ. ಹಾಲು ಕುಡಿಸಲಾ?

ತಜ್ಞೆ: ಬೇಡ. ಪಶುವೈದ್ಯರಿಗೆ ಈಗಲೇ ಫೋನ್ ಮಾಡಿ, ಹೊರಡಿ. ಹಾಲು, ಎಣ್ಣೆ, ಉಪ್ಪುನೀರು ಯಾವುದೂ ಕೊಡಬೇಡಿ. ನೀವಾಗಿ ವಾಂತಿ ಮಾಡಿಸಬೇಡಿ. ಡ್ರಸೀನಾದಲ್ಲಿ ಸಪೋನಿನ್ ಇದೆ, ನಾಯಿ ಬೆಕ್ಕುಗಳಿಗೆ ವಿಷ. ಜೊಲ್ಲು, ವಾಂತಿ ಆಗುತ್ತದೆ, ಬೆಕ್ಕಿಗೆ ಕಣ್ಣಿನ ಪಾಪೆಯೂ ಅಗಲವಾಗಬಹುದು. ಜಗಿದ ಎಲೆಯನ್ನೂ ತೆಗೆದುಕೊಂಡು ಹೋಗಿ.

ಎಲೆ ಸಂತೆ: ವಿಷ ಅಂದರೆ ಮನೆಯಲ್ಲಿ ಇಡುವುದೇ ತಪ್ಪಾ? ಗಾಳಿ ಶುದ್ಧ ಮಾಡುತ್ತದೆ ಅಂತ ನಾಸಾನೇ ಹೇಳಿದೆಯಲ್ಲ.

ಕಿಟಕಿ ಪಕ್ಕ: ಅದು 1989ರ ಪ್ರಯೋಗ, ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು. ಹಳೆಯ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದ್ದಾರೆ. ಮನೆಯೊಳಗೆ ಸಹಜವಾಗಿ ಓಡಾಡುವ ಗಾಳಿಯ ಸಮಕ್ಕೆ ಬರಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಂತೆ.

ಎಲೆ ಸಂತೆ: ಯಾವುದಕ್ಕೂ ನಿಮ್ಮದೊಂದು ತಕರಾರು.

ಹಸಿರೆಲೆ: ಅಣ್ಣ, ಅಕ್ಕ, ಇಬ್ಬರೂ ಸ್ವಲ್ಪ ಬಿಡಿ. ಗಿಡದ ವಿಷಯ ಮಾತಾಡೋಣ.

ಮೊದಲ ಕುಂಡ: ಸ್ನೇಕ್ ಪ್ಲಾಂಟ್ ಬಗ್ಗೆಯೂ ಇಲ್ಲೇ ಕೇಳಬಹುದಾ?

ಎಲೆ ಸಂತೆ: ಅದು ಸ್ಯಾನ್ಸಿವೇರಿಯಾ. ಡ್ರಸೀನಾ ಅಲ್ಲ.

ಕಿಟಕಿ ಪಕ್ಕ: ಈಗ ಅದನ್ನೂ ಡ್ರಸೀನಾ ಕುಲಕ್ಕೇ ಸೇರಿಸಿದ್ದಾರೆ. ಗೊತ್ತಿಲ್ಲದಿದ್ದರೆ ಸುಮ್ನಿರಿ.

ಎಲೆ ಸಂತೆ: ಮಾತು ನೆಟ್ಟಗಿರಲಿ.

ತಜ್ಞೆ: ಕುಲ ಸೇರಿಸಿದ್ದು ನಿಜ. ಇಬ್ಬರೂ ಇಲ್ಲಿಗೇ ನಿಲ್ಲಿಸಿ. ನಿಮ್ಮ ಜಗಳದ ಮಧ್ಯೆ ಬೆಕ್ಕಿನ ಪ್ರಶ್ನೆ ಕಾಣದೇ ಹೋಗಿದ್ದರೆ?

ನೀರ ಬಿದಿರು: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಸಂಜೆ ತೋಟ: ಎಲೆ ಮಂಕಾಗಿದೆ. ಸೂಜಿಮೊನೆಯಂಥ ಬಿಳಿ ಚುಕ್ಕೆಗಳು. ಅಡಿಯಲ್ಲಿ ತೆಳ್ಳನೆ ಬಲೆ. ಪಾತ್ರೆ ತೊಳೆಯುವ ಸೋಪು ಹೊಡೆಯಲು ಯಾರೋ ಹೇಳಿದರು.

ತಜ್ಞೆ: ಕೆಂಪು ನುಸಿ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ, ಧೂಳಿನಂಥ ಕಣಗಳು ಓಡಾಡಿದರೆ ಖಾತ್ರಿ. ಪಾತ್ರೆ ಸೋಪು ಎಲೆ ಸುಡುತ್ತದೆ, ಬೇಡ. ಎಲೆಯ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಗಿಡಕ್ಕೆಂದೇ ಮಾಡಿದ ಕೀಟನಾಶಕ ಸೋಪು ಅಥವಾ ಬೇವಿನ ಎಣ್ಣೆಯ ದ್ರಾವಣವನ್ನು ಮೊದಲು ಒಂದು ಎಲೆಗೆ ಹೊಡೆದು ನೋಡಿ. ವಾರಕ್ಕೊಮ್ಮೆ ಮತ್ತೆ ಹೊಡೆಯಿರಿ, ಒಂದೇ ಸಲಕ್ಕೆ ಮೊಟ್ಟೆಗಳು ಸಾಯುವುದಿಲ್ಲ.

ಹೊಸ ಚಿಗುರು: ತುದಿ ಕಂದು ಆದರೆ ಏನು ಮಾಡಬೇಕು?

ತಜ್ಞೆ: ಮೂರನೇ ಸಲ ಇದೇ ಪ್ರಶ್ನೆ. ಮೇಲೆ ಇದೆ.

ಹೊಸ ಚಿಗುರು: ಹೇಳಲು ಇಷ್ಟವಿಲ್ಲದಿದ್ದರೆ ಗುಂಪು ಯಾಕೆ?

ಬೆಕ್ಕಿನಮ್ಮ: ಡಾಕ್ಟರ್ ನೋಡಿದರು. ಇಂಜೆಕ್ಷನ್ ಕೊಟ್ಟು ಅಲ್ಲೇ ಇಟ್ಟುಕೊಂಡಿದ್ದಾರೆ. ಗಿಡವನ್ನು ಬೇರೆಯವರಿಗೆ ಕೊಟ್ಟುಬಿಡುತ್ತೇನೆ.

ತಜ್ಞೆ: ಕೊಡಿ. ನಾಯಿ, ಬೆಕ್ಕು ಇಲ್ಲದ ಮನೆಗೆ.

ಮಣ್ಣಿನ ಮಡಕೆ: ಕತ್ತರಿಸಿದೆ ಮೇಡಂ. ಫೋಟೊ ಹಾಕಿದ್ದೇನೆ. ನಡುವೆ ಕಂದು ಕಲೆ ಇದೆ.

ತಜ್ಞೆ: ಇನ್ನೂ ಮೇಲೆ ಹೋಗಿ. ಮುಖ ಪೂರ್ತಿ ಬಿಳಿಯಾಗಿ, ಗಟ್ಟಿಯಾಗಿ ಕಾಣುವವರೆಗೆ. ಚಾಕು ಒರೆಸಿದಿರಾ?

ಮಣ್ಣಿನ ಮಡಕೆ: ಒರೆಸಿದೆ. ಈಗ ಬಿಳಿ ಬಂತು. ಎಲೆಯ ಕೆಳಗೆ ಗೇಣುದ್ದ ಕಾಂಡ ಉಳಿದಿದೆ.

ತಜ್ಞೆ: ಸಾಕು. ಇರುವ ಎಲೆಗಳಲ್ಲಿ ಅರ್ಧದಷ್ಟನ್ನು ತೆಗೆಯಿರಿ. ಕತ್ತರಿಸಿದ ಮುಖ ಒಂದು ದಿನ ಆರಲಿ. ದಪ್ಪ ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಬೆರೆಸಿ ನೆಡಿ. ನೇರ ಬಿಸಿಲು ಬೇಡ, ಬೆಳಕು ಇರಲಿ. ಒಂದೆರಡು ತಿಂಗಳಲ್ಲಿ ಬೇರು ಬರಬೇಕು. ನಡುವೆ ಕಿತ್ತು ನೋಡಬೇಡಿ. ಉಳಿದ ಎರಡು ಕಾಂಡವನ್ನು ತೂತಿರುವ ಕುಂಡದಲ್ಲಿ, ಬೇರಿಗೆ ತಕ್ಕ ಅಳತೆಯದರಲ್ಲಿ, ಹೊಸ ಮಣ್ಣಿಗೆ ಹಾಕಿ. ಇನ್ನು ಮುಂದೆ ನೀರು ಹಾಕುವ ಮೊದಲು ಮರದ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆಯಿರಿ. ಕಡ್ಡಿಯ ಕೆಳಗಿನ ಅರ್ಧ ಒದ್ದೆಯಿದ್ದರೆ ನೀರು ಬೇಡ. ಅವುಗಳ ಬುಡವನ್ನು ದಿನಾ ಒತ್ತಿ ನೋಡಿ, ಮೆತ್ತಗಾದರೆ ನನಗೆ ನೇರವಾಗಿ ಮೆಸೇಜ್ ಮಾಡಿ.