ಪಡುವಣ ಕಿಟಕಿಗೆ ಯಾವ ಗಾಜು? ಕರಾವಳಿಯವರ ಅನುಭವಗಳು

ಪ್ರಶ್ನೆ, ಕಟಪಾಡಿಯಿಂದ

ಕಟಪಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ವಾಸ, ಮೇಲೆ ನನ್ನ ಲೆಕ್ಕಪತ್ರದ ಸಣ್ಣ ಕಚೇರಿ. ಗೋಡೆ ಕೆಂಪುಕಲ್ಲಿನದು. ತಾರಸಿ ಮುಗಿದಿದೆ, ಈಗ ಕಿಟಕಿಗಳ ಸರದಿ. ಮನೆಯ ಮುಖ ಪಶ್ಚಿಮಕ್ಕೆ. ಮಟ್ಟು ಕಡಲತೀರ ನಾಲ್ಕೈದು ಕಿಲೋಮೀಟರ್ ದೂರ. ಕಿಟಕಿ ಮಾರುವವರು ಹದಿನಾಲ್ಕು ಕಿಟಕಿಗಳಿಗೂ ಎರಡು ಪದರದ ಗಾಜನ್ನೇ ಹಾಕಿಸಿ, ಸೆಕೆ ಒಳಗೆ ಬರುವುದಿಲ್ಲ, ವಿದ್ಯುತ್ ಬಿಲ್ ಅರ್ಧವಾಗುತ್ತದೆ ಎನ್ನುತ್ತಿದ್ದಾರೆ. ಅವರು ಹೇಳುವ ಬೆಲೆ ಸಾದಾ ಗಾಜಿನ ಎರಡೂವರೆ ಪಟ್ಟು. ಎಸಿ ಇರುವುದು ಎರಡು ಮಲಗುವ ಕೋಣೆಗಳಿಗೆ ಮತ್ತು ಕಚೇರಿಗೆ ಮಾತ್ರ. ಹಾಕಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಇದು ಸಾಲದ ಹಣ, ತಪ್ಪಿದರೆ ಮತ್ತೆ ಮಾಡಿಸುವ ಶಕ್ತಿ ನಮಗಿಲ್ಲ.

ಸುರತ್ಕಲ್‌ನಿಂದ

ಹಣ ಕೊಡುವ ಮೊದಲು ಕೇಳಿದಿರಿ, ಒಳ್ಳೆಯದಾಯಿತು. ನಾವು ಕೇಳಲಿಲ್ಲ. ನಾಲ್ಕು ವರ್ಷಗಳ ಹಿಂದೆ ಇಡೀ ಮನೆಗೆ ಎರಡು ಪದರದ ಗಾಜು ಹಾಕಿಸಿದೆವು. ಎರಡೂ ಪದರ ಸಾದಾ, ತಿಳಿ ಗಾಜು. ಬೇಸಿಗೆ ಬಂತು. ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ ಪಡುವಣ ಕೋಣೆಯ ನೆಲದಲ್ಲಿ ಬಿಸಿಲಿನ ಚೌಕ ಮೊದಲಿನ ಮನೆಯಲ್ಲಿ ಬೀಳುತ್ತಿದ್ದಂತೆಯೇ ಬಿತ್ತು. ಅದರ ಮೇಲೆ ಕಾಲಿಟ್ಟರೆ ಸುಡುತ್ತಿತ್ತು. ಎಸಿ ರಾತ್ರಿ ಹತ್ತರವರೆಗೂ ಏದುಸಿರು ಬಿಡುತ್ತಿತ್ತು.

ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು. ಕಿಟಕಿಯ ಮೂಲಕ ಶಾಖ ಬರುವುದಕ್ಕೆ ಎರಡು ದಾರಿಗಳಿವೆ. ಹೊರಗಿನ ಗಾಳಿ ಬಿಸಿ, ಒಳಗಿನದು ತಂಪು. ಆ ವ್ಯತ್ಯಾಸದಿಂದಾಗಿ ಗಾಜನ್ನು ದಾಟಿ ಬರುವ ಶಾಖ ಒಂದು. ಇದನ್ನು ಯು-ಮೌಲ್ಯ ಅಳೆಯುತ್ತದೆ: ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರ್‌ಗೆ ಎಷ್ಟು ವಾಟ್ ಎಂದು. ಬಿಸಿಲು ನೇರವಾಗಿ ಗಾಜನ್ನು ತೂರಿ ತರುವ ಶಾಖ ಇನ್ನೊಂದು. ಇದನ್ನು ಅಳೆಯುವುದು ಎಸ್‌ಎಚ್‌ಜಿಸಿ. ಅದು 0.80 ಎಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇ. 80 ಒಳಗೆ ಬಂತು ಎಂದರ್ಥ.

ನಮ್ಮ ಊರಿನ ಲೆಕ್ಕ ಹಾಕಿ ನೋಡಿ. ಹೊರಗೆ 33 ಡಿಗ್ರಿ, ಒಳಗೆ ಎಸಿ 25 ಡಿಗ್ರಿ. ವ್ಯತ್ಯಾಸ ಬರೀ ಎಂಟು. ಒಂಟಿ ಗಾಜಿನ ಯು-ಮೌಲ್ಯ ಸುಮಾರು 5.7, ಹಾಗಾದರೆ ಒಂದು ಚದರ ಮೀಟರ್‌ಗೆ 46 ವಾಟ್ ಒಳಗೆ ಬರುತ್ತದೆ. ಎರಡು ಪದರದ ತಿಳಿ ಗಾಜಿನದು ಸುಮಾರು 2.8, ಅದರಿಂದ 22 ವಾಟ್. ಉಳಿತಾಯ 24 ವಾಟ್. ಈಗ ಬಿಸಿಲಿಗೆ ಬನ್ನಿ. ಬೇಸಿಗೆಯ ಸಂಜೆ ನಾಲ್ಕರ ಹೊತ್ತಿಗೆ ಪಡುಗೋಡೆಯ ಮೇಲೆ ಚದರ ಮೀಟರ್‌ಗೆ 500 ವಾಟ್ ಬಿಸಿಲು ಬೀಳುವುದು ದೊಡ್ಡ ಸಂಗತಿಯೇ ಅಲ್ಲ. ಒಂಟಿ ಗಾಜು ಅದರಲ್ಲಿ 400 ವಾಟ್ ಒಳಗೆ ಬಿಡುತ್ತದೆ. ಎರಡು ಪದರದ ತಿಳಿ ಗಾಜು 350 ಬಿಡುತ್ತದೆ. ಬಿಸಿಲು ತಡೆಯುವ ಲೇಪನವಿರುವ, ಎಸ್‌ಎಚ್‌ಜಿಸಿ 0.27ರ ಗಾಜಾದರೆ 135 ಮಾತ್ರ.

ದೆಹಲಿಯ ಮೇ ತಿಂಗಳ 44 ಡಿಗ್ರಿಯಲ್ಲಿ ಗಾಜಿನ ನಡುವಿನ ಅಂತರಕ್ಕೆ ದೊಡ್ಡ ಬೆಲೆಯಿದೆ, ಚಳಿ ದೇಶಗಳಲ್ಲಿ ಇನ್ನೂ ಹೆಚ್ಚು. ಮಂಗಳೂರು, ಉಡುಪಿಯಲ್ಲಿ ನಮ್ಮನ್ನು ಬೇಯಿಸುವುದು ಬಿಸಿಲು ಮತ್ತು ತೇವ. ಆದ್ದರಿಂದ ಅಂಗಡಿಯಲ್ಲಿ ‘ಎಷ್ಟು ಪದರ’ ಎಂದು ಕೇಳಬೇಡಿ; ‘ಎಸ್‌ಎಚ್‌ಜಿಸಿ ಎಷ್ಟು’ ಎಂದು ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳಿ. ಬರೆದು ಕೊಡಲು ಹಿಂಜರಿಯುವವರಿಂದ ಖರೀದಿಸಬೇಡಿ.

ಇನ್ನೊಂದು ಮಾತು, ಇದು ನನಗೆ ಈಗಲೂ ನೋವು ಕೊಡುತ್ತದೆ. ಚಾವಡಿಗೂ ಊಟದ ಕೋಣೆಗೂ ನಾವು ಎರಡು ಪದರದ ಜಾರುವ ಕಿಟಕಿಗಳನ್ನು ಇಡಿಸಿದೆವು. ಅಲ್ಲಿ ಎಸಿ ಇಲ್ಲ, ಕಿಟಕಿ ತೆರೆದೇ ಇರುತ್ತದೆ. ತೆರೆದ ಕಿಟಕಿಗೆ ಎಷ್ಟು ಪದರವಿದ್ದರೇನು? ಮೇಲಾಗಿ ಜಾರುವ ಕಿಟಕಿ ತೆರೆದುಕೊಳ್ಳುವುದು ಅರ್ಧ ಮಾತ್ರ. ಸಂಜೆಯ ಕಡಲಗಾಳಿಯಲ್ಲಿ ಅರ್ಧವನ್ನು ನಾವೇ ಹಣ ಕೊಟ್ಟು ಹೊರಗಿಟ್ಟಂತಾಯಿತು. ಮನೆಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ತಂದ ಇಕೋ ನಿವಾಸ ಸಂಹಿತೆ, ನಮ್ಮಂಥ ಬಿಸಿ ಮತ್ತು ತೇವದ ಹವೆಯ ಊರುಗಳಲ್ಲಿ ತೆರೆಯಬಹುದಾದ ಭಾಗ ನೆಲದ ವಿಸ್ತೀರ್ಣದ ಶೇ. 16.66 ಇರಬೇಕು ಎನ್ನುತ್ತದೆ. ದೇಶದ ಬೇರೆ ಯಾವ ಹವಾಮಾನ ವಲಯಕ್ಕೂ ಇಷ್ಟು ಕೇಳಿಲ್ಲ. ಎಸಿ ಇಲ್ಲದ ಕೋಣೆಗಳಿಗೆ ಪೂರ್ತಿ ತೆರೆಯುವ, ಕೀಲಿನ ಬಾಗಿಲುಗಳ ಕಿಟಕಿ ಇಡಿ, ಒಂಟಿ ಗಾಜು ಸಾಕು, ಮೇಲೆ ಒಳ್ಳೆಯ ನೆರಳು ಕೊಡಿ.

ಮಣಿಪಾಲದಿಂದ

ಕಚೇರಿಯ ಮಟ್ಟಿಗೆ ನಮ್ಮ ಅನುಭವ ಒಳ್ಳೆಯದೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಎಸಿ ಓಡುವ, ಪಶ್ಚಿಮಕ್ಕೆ ಗೋಡೆಯಗಲ ಗಾಜಿರುವ ಜಾಗ ನಮ್ಮದು. ಲೋ-ಇ ಎಂಬ, ಶಾಖ ತಡೆಯುವ ತೆಳು ಲೇಪನದ ಎರಡು ಪದರದ ಗಾಜು ಹಾಕಿಸಿದ ಮೇಲೆ ಕಿಟಕಿ ಪಕ್ಕದ ಮೇಜಿನವರು ಮಧ್ಯಾಹ್ನ ಜಾಗ ಬದಲಿಸುವುದು ನಿಂತಿತು. ಮೊದಲು ಅವರಿಗೆ ಒಂದು ಭುಜ ಬಿಸಿ, ಇನ್ನೊಂದು ತಂಪು. ಸುರತ್ಕಲ್‌ನವರು ಹೇಳಿದ 0.27 ಎಂಬ ಅಂಕಿ ಎಲ್ಲಿಂದ ಬಂತೆಂದರೆ, ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ತಂದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ನಮ್ಮ ವಲಯಕ್ಕೆ ಹಾಕಿದ ಮಿತಿಯೇ ಅದು; ಯು-ಮೌಲ್ಯಕ್ಕೆ 3.0. ನಿಮ್ಮ ಸಣ್ಣ ಕಚೇರಿಗೆ ಆ ನಿಯಮ ಅನ್ವಯಿಸದಿದ್ದರೂ ಗುರಿಯಾಗಿ ಇಟ್ಟುಕೊಳ್ಳಬಹುದು.

ಎರಡು ಎಚ್ಚರಿಕೆಗಳು. ಒಂದು, ಲೇಪನ ಯಾವ ಮೈಯಲ್ಲಿದೆ ಎಂಬುದು. ಹೊರಗಿನಿಂದ ಎಣಿಸಿದರೆ ಎರಡು ಗಾಜುಗಳಿಗೆ ನಾಲ್ಕು ಮೈಗಳು. ಬಿಸಿಲು ತಡೆಯುವ ಲೇಪನ ಎರಡನೆಯ ಮೈಯಲ್ಲಿ, ಅಂದರೆ ಹೊರಗಾಜಿನ ಒಳಮೈಯಲ್ಲಿ ಇರಬೇಕು. ನಮ್ಮಲ್ಲಿ ಮೂರು ಕಿಟಕಿಗಳನ್ನು ಒಳಹೊರಗು ಮಾಡಿ ಕೂರಿಸಿದ್ದರು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ ಗಾಜಿನ ಮುಂದೆ ಬೆಂಕಿಕಡ್ಡಿ ಹಚ್ಚಿ ಹಿಡಿಯಿರಿ. ನಾಲ್ಕು ಜ್ವಾಲೆಗಳು ಕಾಣುತ್ತವೆ, ಅವುಗಳಲ್ಲಿ ಒಂದರ ಬಣ್ಣ ಬೇರೆ. ನೀವು ಒಳಗೆ ನಿಂತಿದ್ದರೆ ಹತ್ತಿರದಿಂದ ಎಣಿಸಿದಾಗ ಮೂರನೆಯದು ಬೇರೆಯಾಗಿರಬೇಕು. ಎರಡನೆಯದಾಗಿದ್ದರೆ ತಿರುಗಿಸಿ ಕೂರಿಸಲು ಹೇಳಿ. ಬಾಕಿ ಹಣ ಕೊಡುವ ಮುನ್ನವೇ ಈ ಪರೀಕ್ಷೆ ಮಾಡಿ.

ಎರಡನೆಯದು ಬೆಳಕು. ಕಪ್ಪು ಅಥವಾ ಕನ್ನಡಿಯಂಥ ಗಾಜೂ ಬಿಸಿಲು ತಡೆಯುತ್ತದೆ, ಆದರೆ ಬೆಳಕನ್ನೂ ನುಂಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ನಮ್ಮ ಆಕಾಶಕ್ಕೆ ಅಂಥ ಗಾಜು ಹಾಕಿದರೆ ಹಗಲಿಡೀ ದೀಪ ಉರಿಸಬೇಕಾಗುತ್ತದೆ. ಬೆಳಕಿನ ಅಂಕಿಗೆ ವಿಎಲ್‌ಟಿ ಎನ್ನುತ್ತಾರೆ. ಎಸ್‌ಎಚ್‌ಜಿಸಿ ಕಡಿಮೆ ಇದ್ದೂ ವಿಎಲ್‌ಟಿ ಶೇ. 40ರಿಂದ 50 ಇರುವ ಗಾಜುಗಳು ಸಿಗುತ್ತವೆ. ಮಾದರಿ ತುಂಡನ್ನು ಅಂಗಡಿಯ ದೀಪದಡಿ ನೋಡಬೇಡಿ, ಮೋಡದ ದಿನ ನಿಮ್ಮ ಕಿಟಕಿಗೇ ಹಿಡಿದು ನೋಡಿ.

ಬೈಕಂಪಾಡಿಯಿಂದ

ನಾನು ಕಿಟಕಿ ಮಾಡುವವನು, ಇಪ್ಪತ್ತೆರಡು ವರ್ಷಗಳಾದವು. ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಗಾಜಿನ ಅಂಕಿ ಎಷ್ಟೇ ಚೆನ್ನಾಗಿರಲಿ, ನಮ್ಮ ಕಡೆ ಕಿಟಕಿ ಸಾಯುವುದು ಅಂಚಿನಿಂದ.

ಎರಡು ಗಾಜುಗಳ ನಡುವೆ ಸುತ್ತಲೂ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಕಾಳುಗಳು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್. ಈ ಎರಡು ಬಂದೋಬಸ್ತುಗಳಲ್ಲಿ ಒಂದು ಸೋತರೂ ತೇವ ಮೆಲ್ಲಗೆ ಒಳಗೆ ಸೇರುತ್ತದೆ. ಕಾಳುಗಳು ತುಂಬುವವರೆಗೆ ಹೀರುತ್ತವೆ. ತುಂಬಿದ ಮೇಲೆ ಗಾಜಿನ ನಡುವೆ ಮಬ್ಬು. ಒರೆಸಲು ಕೈ ಹೋಗುವುದಿಲ್ಲ, ದುರಸ್ತಿಯೂ ಇಲ್ಲ, ಗಾಜನ್ನೇ ಬದಲಿಸಬೇಕು. (ಮಳೆಗಾಲದ ರಾತ್ರಿ ಎಸಿ ಹಾಕಿದಾಗ ಗಾಜಿನ ಹೊರಮೈ ಬೆವರುವುದು ಬೇರೆ ಸಂಗತಿ. ಅದು ದೋಷವಲ್ಲ, ಗಾಬರಿಯಾಗಬೇಡಿ.)

ಅಂಚನ್ನು ಕೊಲ್ಲುವುದು ನಿಂತ ನೀರು. ಚೌಕಟ್ಟಿನ ಕೆಳಪಟ್ಟಿಯಲ್ಲಿ ನೀರು ಹೊರಹೋಗುವ ತೂತುಗಳು ಇರಲೇಬೇಕು, ಗಾಜು ನೇರವಾಗಿ ಪಟ್ಟಿಯ ಮೇಲೆ ಕೂರದೆ ಸಣ್ಣ ಆಸರೆ ತುಂಡುಗಳ ಮೇಲೆ ಕೂರಬೇಕು. ಗಾಳಿಮಳೆ ನೈಋತ್ಯದಿಂದ ಅಡ್ಡಡ್ಡವಾಗಿ ಹೊಡೆಯುವ ನಮ್ಮೂರಲ್ಲಿ ಜಾರುವ ಕಿಟಕಿಯ ಹಳಿಯೇ ನೀರಿನ ತೊಟ್ಟಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ತೂತಿನ ಮೇಲೆಯೇ ಗಾರೆ ಮೆತ್ತಿ ಮುಚ್ಚಿದ್ದನ್ನು ನೋಡಿದ್ದೇನೆ. ಆಟಿ ತಿಂಗಳಿಡೀ ಅಂಚು ನೀರಲ್ಲಿ ನೆನೆದರೆ ಯಾವ ಅಂಟು ತಾನೇ ತಾಳೀತು! ಎಸಿ ಕೋಣೆಗೆ ಸುತ್ತಲೂ ರಬ್ಬರ್ ಪಟ್ಟಿಯಿರುವ ಕೀಲಿನ ಕಿಟಕಿಯೇ ಸರಿ. ಸಂದಿನಿಂದ ನುಸುಳುವ ತೇವದ ಗಾಳಿಯನ್ನು ಒಣಗಿಸುವುದೇ ಎಸಿಗೆ ದೊಡ್ಡ ಹೊರೆ. ಸಂದು ಬಿಟ್ಟು ಗಾಜಿಗೆ ಹಣ ಸುರಿಯುವುದು ವ್ಯರ್ಥ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮ ಗಾಜನ್ನು ಎಲ್ಲಿ ಮುಚ್ಚಿ ಅಂಟಿಸುತ್ತಾರೆ? ಬೆಂಗಳೂರಿನಲ್ಲಾದರೆ ಅದು ಕಡಲಮಟ್ಟದಿಂದ 900 ಮೀಟರ್‌ಗೂ ಎತ್ತರ. ಅಲ್ಲಿನ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಶೇ. 10 ಕಡಿಮೆ. ಆ ತೆಳುಗಾಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಾಜು ಶಿರಾಡಿ ಘಾಟಿ ಇಳಿದು ಬಂದಾಗ ಇಲ್ಲಿನ ಗಾಳಿ ಹೊರಗಿನಿಂದ ಅದುಮುತ್ತದೆ. ಎರಡೂ ಗಾಜುಗಳು ನಡುವೆ ಒಳಕ್ಕೆ ಬಾಗುತ್ತವೆ. ದೊಡ್ಡ ಗಾಜಿನಲ್ಲಿ ಎದುರು ಮನೆಯ ಪ್ರತಿಬಿಂಬ ಸೊಟ್ಟಗೆ ಕಾಣುತ್ತದೆ ಅಷ್ಟೆ. ಚಿಕ್ಕ ಗಾಜು ಬಾಗಲಾರದು. ಆ ಒತ್ತಡವೆಲ್ಲ ಗಾಜಿನ ಮತ್ತು ಅಂಟಿನ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರವಿದೆ: ಅಂಚಿನಲ್ಲಿ ಸಣ್ಣ ನಳಿಕೆ ಇಟ್ಟು, ಇಲ್ಲಿಗೆ ತಂದು ಒತ್ತಡ ಸಮವಾದ ಮೇಲೆ ಅದನ್ನು ಮುಚ್ಚುತ್ತಾರೆ. ಆರ್ಡರ್ ಕೊಡುವಾಗಲೇ ಗಾಜು ಕೂರುವ ಊರು ಮತ್ತು ಅದರ ಎತ್ತರವನ್ನು ಕಾಗದದಲ್ಲಿ ಬರೆಸಿ. ಬಂದ ಗಾಜಿನ ನಡುಮಧ್ಯಕ್ಕೆ ನೇರವಾದ ಪಟ್ಟಿ ಹಿಡಿದು ನೋಡಿ.

ಮಲ್ಪೆಯಿಂದ

ಸ್ಕ್ರೂ ಮತ್ತು ಕೀಲುಗಳನ್ನು ಮರೆಯಬೇಡಿ. ನಮ್ಮ ಗಾಜಿಗೆ ಇವತ್ತಿಗೂ ಏನೂ ಆಗಿಲ್ಲ, ಆದರೆ ಎರಡನೇ ಮಳೆಗಾಲಕ್ಕೇ ಕೀಲು ತುಕ್ಕು ಹಿಡಿದು ಬಾಗಿಲು ಜೋತುಬಿತ್ತು. ಕಡಲ ಬದಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. 304 ದರ್ಜೆಯದು ಉಪ್ಪುಗಾಳಿಗೆ ಕಂದು ಕಲೆ ಬಿಡುತ್ತದೆ.

ನಂತೂರಿನಿಂದ

ಹೆದ್ದಾರಿ ಬದಿಯವರಾದರೆ ಶಬ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾವು ಎರಡೂ ಗಾಜುಗಳನ್ನು ಒಂದೇ ದಪ್ಪ ಮಾಡಿಸದೆ ಹೊರಗಿನದನ್ನು 8 ಮಿಲಿಮೀಟರ್, ಒಳಗಿನದನ್ನು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜನ್ನಾಗಿ ಮಾಡಿಸಿದೆವು. ದಪ್ಪ ಬೇರೆಬೇರೆಯಾದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸುವುದಿಲ್ಲ. ಟ್ಯಾಂಕರ್‌ಗಳ ಸದ್ದಿಗೆ ಏಳುತ್ತಿದ್ದ ಮಗು ಈಗ ನಿದ್ದೆ ಮಾಡುತ್ತದೆ.

ಉಡುಪಿ, ಕಲ್ಸಂಕದಿಂದ

ಗಾಜಿಗೆ ಮೊದಲು ನೆರಳು. ಬಿಸಿಲು ಗಾಜನ್ನು ಮುಟ್ಟುವ ಮುನ್ನವೇ ತಡೆದರೆ ಮೇಲಿನ ಲೆಕ್ಕಗಳೆಲ್ಲ ಹಗುರವಾಗುತ್ತವೆ. ನಮ್ಮದು ಹಂಚಿನ ಮನೆ. ಸೂರು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಇಳಿದಿದೆ, ಅದರಾಚೆ ಬೇಸಿಗೆಯಲ್ಲಿ ತೆಂಗಿನ ಮಡಲಿನ ತಟ್ಟಿ. ತಟ್ಟಿಯ ಸಂದಿನಿಂದ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಹೊಸ ಮನೆಗೆ ಅದು ಒಪ್ಪದಿದ್ದರೆ ಹೊರಗಡೆ ಬಿದಿರಿನ ಸುರುಳಿ ಪರದೆ ಹಾಕಿ. ಒಳಗಿನ ಪರದೆ ಬಿಸಿಲನ್ನು ಕೋಣೆಯೊಳಗೆ ಬಿಟ್ಟುಕೊಂಡ ಮೇಲೆ ತಡೆಯುವುದು. ಅದರ ಫಲ ಕಡಿಮೆ.

ಪಶ್ಚಿಮಕ್ಕೆ ಕಾಂಕ್ರೀಟಿನ ಸಜ್ಜೆ ಮಾತ್ರ ಸಾಲದು. ಐದು ಗಂಟೆಯ ಸೂರ್ಯ ಸಜ್ಜೆಯ ಕೆಳಗಿನಿಂದಲೇ ಇಣುಕುತ್ತಾನೆ. ಅಲ್ಲಿ ನಿಂತ ಹಲಗೆಗಳು ಬೇಕು, ಇಲ್ಲವೇ ಮರ. ಬಡಗು ದಿಕ್ಕನ್ನೂ ಉಪೇಕ್ಷಿಸಬೇಡಿ: ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮಳೆ ಹಿಡಿಯುವವರೆಗಿನ ಮೇ ತಿಂಗಳು ಅದರಲ್ಲೇ ಬರುತ್ತದೆ. ಬಡಗಣ ಕಿಟಕಿಗೆ ಸಜ್ಜೆ ಬೇಡ ಎನ್ನುವ ಮೇಸ್ತ್ರಿಗಳ ಮಾತು ನಮ್ಮೂರಿಗೆ ಹೊಂದುವುದಿಲ್ಲ.

ಮತ್ತೆ ಕಟಪಾಡಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮನೆಯವರೆಲ್ಲ ಕುಳಿತು ಇದನ್ನು ಎರಡು ಸಲ ಓದಿದೆವು. ಹದಿನಾಲ್ಕರಲ್ಲಿ ಕಚೇರಿಯ ಎರಡು ಮತ್ತು ಪಡುವಣ ಮಲಗುವ ಕೋಣೆಯ ಒಂದು, ಒಟ್ಟು ಮೂರಕ್ಕೆ ಮಾತ್ರ ಲೇಪನದ ಎರಡು ಪದರದ ಗಾಜು. ಮೂಡಣ ಮಲಗುವ ಕೋಣೆಗೆ ಮಾವಿನ ಮರದ ನೆರಳಿದೆ. ಅಲ್ಲಿ ಒಂಟಿ ಗಾಜು, ಆದರೆ ರಬ್ಬರ್ ಪಟ್ಟಿಯ ಬಿಗಿ ಕಿಟಕಿ. ಉಳಿದ ಹತ್ತಕ್ಕೂ ಪೂರ್ತಿ ತೆರೆಯುವ ಒಂಟಿ ಗಾಜು. ಉಳಿಯುವ ಹಣದಲ್ಲಿ ಪಡುಗೋಡೆಗೆ ನಿಲುವು ಹಲಗೆ, ಬಡಗಣಕ್ಕೆ ಸಜ್ಜೆ. ಅಂಗಡಿಯವರಿಗೆ ಎಸ್‌ಎಚ್‌ಜಿಸಿ ಬರೆದು ಕೊಡಲು ಹೇಳಿದೆ. ಎರಡು ದಿನ ಬೇಕು ಎಂದರು. ಅಳತೆ ತೆಗೆಯಲು ಸೋಮವಾರ ಬರುತ್ತಾರಂತೆ. ಒಳಗಿನ ಗಾರೆ ಇನ್ನೂ ಬಾಕಿ ಇದೆ, ಪರವಾಗಿಲ್ಲವೇ?

ಬೈಕಂಪಾಡಿಯಿಂದ

ಆಗದು, ಸೋಮವಾರ ಬೇಡ ಎನ್ನಿ. ಗಾರೆ ಮುಗಿದು, ಕಿಟಕಿಯ ಹೊಸ್ತಿಲ ಕಲ್ಲು ಹೊರಕ್ಕೆ ಇಳಿಜಾರಾಗಿ ಕೂತ ಮೇಲೆ ಅಳತೆ ತೆಗೆಯಲಿ. ಹದಗೊಳಿಸಿದ ಟಫನ್ಡ್ ಗಾಜನ್ನು ಆಮೇಲೆ ಒಂದು ನೂಲಿನಷ್ಟೂ ಕತ್ತರಿಸಲು ಬರುವುದಿಲ್ಲ. ಗಾಜು ಬಂದ ದಿನ ತಿಳಿಸಿ. ಕಟಪಾಡಿ ದೂರವೇನಲ್ಲ, ಬಂದು ಅಂಚು ನೋಡಿಕೊಡುತ್ತೇನೆ.