"ಇದು ಕಪ್ಪು–ಬಿಳಿಯರ ಜಗಳ, ನಮಗೇನು?" ಎನ್ನುವವರಿಗೆ

ಅಮೆರಿಕದಲ್ಲಿ ಪೊಲೀಸರ ಬಲಪ್ರಯೋಗದ ಮಾತು ಎದ್ದಾಗಲೆಲ್ಲ ಇಲ್ಲಿನ ಕನ್ನಡಿಗರ ನಮ್ಮ ಗುಂಪಿನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಹಾಕುತ್ತಾರೆ. ಅದಕ್ಕೆ ಉತ್ತರ ಸಿಗುವುದು ಅಲಬಾಮ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಆಗಷ್ಟೇ ಬಂದಿದ್ದ 57 ವರ್ಷದ ಸುರೇಶ್‌ಭಾಯಿ ಪಟೇಲ್ 2015ರ ಫೆಬ್ರವರಿ 6ರ ಬೆಳಿಗ್ಗೆ ಮಗನ ಮನೆಯ ಆಸುಪಾಸಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ಆ ಬೀದಿಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿ, ಸಣಕಲು ಕಪ್ಪು ಮನುಷ್ಯನೊಬ್ಬ ಸುಳಿದಾಡುತ್ತಿದ್ದಾನೆ ಎಂದರು. ಪಟೇಲರು "ನೋ ಇಂಗ್ಲಿಷ್", "ಇಂಡಿಯಾ" ಎಂದಷ್ಟೇ ಹೇಳಬಲ್ಲವರಾಗಿದ್ದರು. ಅವರ ಕೈ ಹಿಂದಕ್ಕೆ ಹಿಡಿದು ನಿಲ್ಲಿಸಿದ್ದ ಅಧಿಕಾರಿ ಎರಿಕ್ ಪಾರ್ಕರ್, ಕಾಲು ಕೊಟ್ಟು ಮುಖ ಅಡಿಯಾಗಿ ನೆಲಕ್ಕೆ ಕೆಡವಿದರು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಆಪರೇಷನ್ ಆಯಿತು, ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು.

ಎಲ್ಲವೂ ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ರಾಜ್ಯಪಾಲರು ಭಾರತ ಸರ್ಕಾರದ ಕ್ಷಮೆ ಕೇಳಿದರು. ಆದರೂ ಫೆಡರಲ್ ಕೋರ್ಟಿನಲ್ಲಿ ಅದೇ ವರ್ಷ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶೆ ಪಾರ್ಕರ್‌ರನ್ನು ಖುಲಾಸೆ ಮಾಡಿದರು. ಸಿವಿಲ್ ದಾವೆ 2021ರಲ್ಲಿ 17.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಫೋನ್ ಮಾಡಿದವರ ಕಣ್ಣಿಗೆ ಯಾವ ಬಣ್ಣ ಕಂಡಿತೋ ಅದೇ ಆ ಬೆಳಿಗ್ಗೆ ಪಟೇಲರ ಬಣ್ಣವಾಯಿತು. ನಮ್ಮ ಪಾಸ್‌ಪೋರ್ಟು, ಡಿಗ್ರಿ, ಬಡಾವಣೆಯ ಮನೆಬೆಲೆ ಯಾವುದೂ ಆ ಫೋನ್ ಕರೆಯಲ್ಲಿ ಕೇಳಿಸುವುದಿಲ್ಲ.

ವಿಡಿಯೊ ಇದ್ದೂ ಶಿಕ್ಷೆ ಯಾಕಾಗುವುದಿಲ್ಲ ಎಂದು ಕೇಳುವವರು 1989ರ ಗ್ರಹಾಂ ವಿರುದ್ಧ ಕಾನರ್ ತೀರ್ಪನ್ನು ತಿಳಿಯಬೇಕು. ಡೆಥೋರ್ನ್ ಗ್ರಹಾಂ ಸಕ್ಕರೆ ಕಾಯಿಲೆಯ ಕಪ್ಪು ಮನುಷ್ಯ. 1984ರಲ್ಲಿ ನಾರ್ತ್ ಕ್ಯಾರೊಲಿನಾದ ಷಾರ್ಲಟ್‌ನಲ್ಲಿ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಇಳಿಯತೊಡಗಿತು. ಕಿತ್ತಳೆ ಜ್ಯೂಸ್ ಕೊಳ್ಳಲು ಸ್ನೇಹಿತನ ಕಾರಿನಲ್ಲಿ ಅಂಗಡಿಗೆ ಹೋದರು, ಕ್ಯೂ ಉದ್ದ ಇದ್ದದ್ದು ನೋಡಿ ದಡದಡನೆ ಹೊರಬಂದರು. ಒಳಗೆ ಹೋಗಿ ತಕ್ಷಣ ಓಡಿಬಂದವನನ್ನು ಕಂಡ ಪೊಲೀಸ್ ಕಾನರ್‌ಗೆ ಅನುಮಾನ, ಕಾರು ತಡೆದರು. ಸಹಾಯಕ್ಕೆ ಬಂದ ಇತರ ಪೊಲೀಸರು, ಸುಸ್ತಾಗಿ ಕುಸಿದವನನ್ನು ಕುಡುಕ ಎಂದುಕೊಂಡು ಬೇಡಿ ಹಾಕಿದರು. ಇನ್ನೊಬ್ಬ ಸ್ನೇಹಿತ ಜ್ಯೂಸ್ ತಂದರೂ ಕುಡಿಯಲು ಬಿಡಲಿಲ್ಲ. ಪಾದದ ಮೂಳೆ ಮುರಿಯಿತು.

ಗ್ರಹಾಂ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಟ್ಟ ಅಳತೆಗೋಲು ಇದು: ಬಲಪ್ರಯೋಗ ಸರಿಯೋ ತಪ್ಪೋ ಎಂಬುದನ್ನು, ಆ ಜಾಗದಲ್ಲಿದ್ದ ಒಬ್ಬ ವಿವೇಕಿ ಅಧಿಕಾರಿಗೆ ಆ ಕ್ಷಣದಲ್ಲಿ ಏನು ಗೊತ್ತಿತ್ತೋ ಅದರಿಂದ ಅಳೆಯಬೇಕು. ಆಮೇಲೆ ಬಯಲಾದ ಸತ್ಯದಿಂದ ಅಲ್ಲ. ಅಪರಾಧ ಎಷ್ಟು ಗಂಭೀರ, ತಕ್ಷಣದ ಅಪಾಯ ಇತ್ತೇ, ಆತ ಪ್ರತಿರೋಧಿಸಿದನೇ ಅಥವಾ ಓಡಿದನೇ ಎಂಬುದನ್ನು ನೋಡುತ್ತಾರೆ. ಅಧಿಕಾರಿಯ ಮನಸ್ಸಿನಲ್ಲಿ ದ್ವೇಷ ಇತ್ತೇ ಎಂಬುದು ಈ ಲೆಕ್ಕಕ್ಕೇ ಬರುವುದಿಲ್ಲ. ವರ್ಣಭೇದದ ವಾದ ಕೋರ್ಟಿನಲ್ಲಿ ಎಡವುವುದು ಇಲ್ಲೇ. ಹೊಸ ಅಳತೆಯಲ್ಲಿ ಮತ್ತೆ ವಿಚಾರಣೆ ನಡೆದಾಗ ಗ್ರಹಾಂ ಸೋತರು.

ಅಂಕಿಸಂಖ್ಯೆ ಹಿಡಿದು ಜಗಳಾಡುವವರಿಗೆ ಒಂದು ಮಾತು. 2015ರಿಂದ 2024ರವರೆಗೆ ಪತ್ರಿಕೆಯೊಂದು ಇಟ್ಟ ಲೆಕ್ಕದಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು 1000 ಜನ ಸತ್ತರು. ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನರ ಸಾವಿನ ದರ ಬಿಳಿಯರ ಎರಡು ಪಟ್ಟಿಗಿಂತ ಹೆಚ್ಚು. ಎದುರು ಪಕ್ಷ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅವರ 2016ರ ಅಧ್ಯಯನ ತೋರಿಸುತ್ತದೆ: ಗುಂಡು ಹಾರಿಸುವುದರಲ್ಲಿ ಜನಾಂಗದ ವ್ಯತ್ಯಾಸ ಸಿಗಲಿಲ್ಲ. (ಅದೇ ಅಧ್ಯಯನದಲ್ಲಿ ತಳ್ಳುವುದು, ಬೇಡಿ ಹಾಕುವುದು, ಗೋಡೆಗೆ ಒತ್ತುವುದು ಮುಂತಾದ ಯಾವುದಾದರೊಂದು ಬಲಪ್ರಯೋಗಕ್ಕೆ ಸಿಗುವ ಸಾಧ್ಯತೆ ಕಪ್ಪು ಜನರಿಗೆ ಬಿಳಿಯರಿಗಿಂತ 50 ಶೇಕಡಾಕ್ಕೂ ಹೆಚ್ಚು ಎಂದು ಕಂಡಿತ್ತು. ಆ ಅರ್ಧವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.) ಜಗಳ ಇರುವುದು ಭಿನ್ನರಾಶಿಯ ಛೇದದಲ್ಲಿ. ಒಂದು ಲೆಕ್ಕದ ಛೇದ ಇಡೀ ಜನಸಂಖ್ಯೆ, ಇನ್ನೊಂದರದ್ದು ಪೊಲೀಸರು ತಡೆದವರು ಮಾತ್ರ. ಉದಾಹರಣೆಗೆ, ಸುಮ್ಮನೆ ದಾರಿಯಲ್ಲಿ ಹೋಗುವವರನ್ನೂ ಸೇರಿಸಿ ಒಂದು ಸಮುದಾಯದ 100 ಜನರನ್ನು ತಡೆದು 2 ಜನರ ಮೇಲೆ ಗುಂಡು ಹಾರಿಸಿದರು, ಇನ್ನೊಂದರಲ್ಲಿ ನಿಜಕ್ಕೂ ಅಪಾಯಕಾರಿಗಳಾದ 50 ಜನರನ್ನಷ್ಟೇ ತಡೆದು 1 ಗುಂಡು ಅಂದುಕೊಳ್ಳಿ. ಎರಡೂ ಕಡೆ 2 ಶೇಕಡಾ, ಕಾಗದದ ಮೇಲೆ ಸಮ. ತಡೆಯುವುದರಲ್ಲೇ ತಾರತಮ್ಯ ಇದ್ದರೆ ಅದು ಛೇದದೊಳಗೆ ಅಡಗಿ ಕೂರುತ್ತದೆ. ನನ್ನ ಮಟ್ಟಿಗೆ ಈ ಆಕ್ಷೇಪ ಗಟ್ಟಿಯಾದದ್ದು. ದೇಶದಲ್ಲಿ ಸುಮಾರು 18,000 ಪೊಲೀಸ್ ಇಲಾಖೆಗಳಿವೆ. ಎಫ್‌ಬಿಐ 2019ರಲ್ಲಿ ಬಲಪ್ರಯೋಗದ ಲೆಕ್ಕ ಇಡಲು ಶುರುಮಾಡಿದರೂ ಕೊಡುವುದು ಬಿಡುವುದು ಅವರವರ ಇಷ್ಟ.

ಈಗ ಮನೆಯ ವಿಷಯ. "ಅಧಿಕಾರಿಗೆ ಆ ಕ್ಷಣಕ್ಕೆ ಏನು ಕಾಣುತ್ತದೆ" ಎಂಬುದೇ ಕಾನೂನಾದ ಮೇಲೆ ನಮ್ಮವರು ಹೇಗೆ ಕಾಣುತ್ತಾರೆ ನೋಡೋಣ. ಚಳಿಗೆ ಕೈಯನ್ನು ಶಾಲಿನೊಳಗೆ ಹುದುಗಿಸಿ ಅಥವಾ ಹಿಂದೆ ಕಟ್ಟಿಕೊಂಡು ನಡೆಯುವ ಅಪ್ಪ. ಯಾರ ಮನೆಯ ಹೂವಿನ ಗಿಡ ಚೆಂದ ಎಂದು ನಿಂತು ನೋಡುವ ಅಮ್ಮ. ಪೊಲೀಸರು ಕರೆದರೆ ದೂರ ನಿಂತು ಮಾತಾಡುವುದು ಅವಮರ್ಯಾದೆ ಎಂದು ಹತ್ತಿರ ಹೋಗುವುದು. "ಹೌದು" ಎನ್ನಲು ತಲೆಯನ್ನು ಅತ್ತಿತ್ತ ತೂಗುವುದು, ಅದು ಅವರಿಗೆ "ಇಲ್ಲ" ಎಂದು ಕಾಣುತ್ತದೆ. ಎಲ್ಲಕ್ಕಿಂತ ಅಪಾಯದ್ದು, ವಿಳಾಸದ ಚೀಟಿ ತೋರಿಸೋಣ ಎಂದು ಜುಬ್ಬಾದ ಜೇಬಿಗೆ ಕೈ ಹಾಕುವುದು. ಹಾಗಾಗಿ ಚೀಟಿ ಜೇಬಿನಲ್ಲಿ ಬೇಡ. ಆಫೀಸಿನ ಐಡಿ ಹಾಕುವ ದಾರ, ಪ್ಲಾಸ್ಟಿಕ್ ಕವರು ಸಾಕು. ಕೊರಳಲ್ಲಿ ಕೋಟಿನ ಹೊರಗೆ ಕಾಣುವಂತೆ ಇರಲಿ. ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಐದಾರು ಸಾಲು: ನನಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮಾತಾಡುತ್ತೇನೆ, ಮಗನ ಮನೆಗೆ ಬಂದಿದ್ದೇನೆ, ಮನೆ ವಿಳಾಸ, ಮಗ-ಸೊಸೆಯ ಫೋನ್, ಸಕ್ಕರೆ ಕಾಯಿಲೆ, ಕಿವಿ ಮಂದ ಇತ್ಯಾದಿ ಇದ್ದರೆ ಅದು. ಐ-94ರ (ಅಮೆರಿಕ ಪ್ರವೇಶದ ದಾಖಲೆ) ಪ್ರಿಂಟ್ ಹಿಂಭಾಗದಲ್ಲಿ ಮಡಚಿಡಿ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಇದೆ. ಊರಿಂದ ಬಂದ ಮೊದಲ ವಾರವೇ ಅಕ್ಕಪಕ್ಕದ ನಾಲ್ಕು ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಚಕ್ಕುಲಿ ಡಬ್ಬಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಹದಿನಾರಕ್ಕೆ ಕಾರು ಹಿಡಿಯುವ ಮಕ್ಕಳಿಗೆ ಬೇರೆ ಪಾಠ. ಊರಿನಲ್ಲಿ ಪೊಲೀಸರು ತಡೆದರೆ ನಾವು ಇಳಿದು, ದಾಖಲೆ ಹಿಡಿದು ಸಬ್ ಇನ್ಸ್‌ಪೆಕ್ಟರ್ ಹತ್ತಿರ ಹೋಗುತ್ತೇವೆ. ಇಲ್ಲಿ ಅವರು ಹೇಳದೆ ನಾವೇ ಇಳಿದರೆ ಅದೇ ಬೆದರಿಕೆ. ಇಂಡಿಕೇಟರ್ ಹಾಕಿ ಬಲಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಡಬೇಕು. ಅಧಿಕಾರಿ ಬರುವ ಮೊದಲೇ ಒಳ್ಳೆಯ ಹುಡುಗನಂತೆ ಬಗ್ಗಿ ಗ್ಲೋವ್ ಬಾಕ್ಸ್ ತಡಕಾಡುವುದೇ ಹೆಚ್ಚಿನ ಮಕ್ಕಳು ಮಾಡುವ ತಪ್ಪು. ಹಿಂದಿನ ಕಾರಿನಿಂದ ಕಾಣುವುದು ಭುಜ ಮುಳುಗಿದ್ದಷ್ಟೇ. ಕೇಳಿದ ಮೇಲೆ "ಅದು ಗ್ಲೋವ್ ಬಾಕ್ಸ್‌ನಲ್ಲಿದೆ, ತೆಗೆಯಲಾ?" ಎಂದು ಒಪ್ಪಿಗೆ ಪಡೆದು ನಿಧಾನವಾಗಿ ತೆಗೆಯಲಿ. ಇಳಿ ಎಂದರೆ ಇಳಿಯಲೇಬೇಕು: ಚಾಲಕನಿಗೆ 1977ರ ತೀರ್ಪು, ಪಕ್ಕದಲ್ಲಿ ಕೂತವರಿಗೆ 1997ರದ್ದು. ಡಿಕ್ಕಿ ತೆರೆದು ನೋಡಲಾ ಎಂದು ಕೇಳಿದರೆ, ಒಪ್ಪಿಗೆ ಇಲ್ಲ ಎಂದು ಮೆಲ್ಲನೆ ಹೇಳಬಹುದು. ಆದರೂ ತೆರೆದರೆ ಕೈ ಅಡ್ಡ ತರಬಾರದು, ಆ ವಾದ ಕೋರ್ಟಿನಲ್ಲಿ. ಫೋನ್ ಒಳಗೆ ಹುಡುಕಲು ವಾರಂಟ್ ಬೇಕು, ಬಂಧಿಸಿದ್ದರೂ ಸರಿ. ಅದು 2014ರ ತೀರ್ಪು. ಇಷ್ಟೆಲ್ಲ ಪಾಲಿಸಿಯೂ ಜೀವ ಹೋದವರಿದ್ದಾರೆ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಡಿ. 2016ರಲ್ಲಿ ಮಿನ್ನೆಸೋಟದ ಫಿಲ್ಯಾಂಡೊ ಕ್ಯಾಸ್ಟೀಲ್ ತನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ಮರ್ಯಾದೆಯಿಂದ ಹೇಳಿದ್ದ.

ಆಟದ ಬಂದೂಕಿನ ವಿಷಯದಲ್ಲಿ ನನ್ನದು ಹಟ. ಏರ್‌ಸಾಫ್ಟ್ ಬಂದೂಕು ಮನೆಯಿಂದ ಹೊರಗೆ ಹೋಗಕೂಡದು, ನಕಲಿ ಎಂದು ತೋರಿಸುವ ತುದಿಯ ಕಿತ್ತಳೆ ಬಣ್ಣ ಇದ್ದರೂ ಕೂಡ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ 12 ವರ್ಷದ ಟಮೀರ್ ರೈಸ್‌ಗೆ, ಪೊಲೀಸ್ ಕಾರು ಬಂದ ಎರಡೇ ಸೆಕೆಂಡಿನಲ್ಲಿ ಗುಂಡು ಬಿತ್ತು. ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದವರು, ಹುಡುಗ ಇರಬಹುದು, ಬಂದೂಕು ನಕಲಿ ಇರಬಹುದು ಎಂದೇ ಹೇಳಿದ್ದರು. ಆ ಎರಡು "ಇರಬಹುದು"ಗಳು ಕಾರಿನಲ್ಲಿದ್ದವರಿಗೆ ತಲುಪಲೇ ಇಲ್ಲ.

ಫೋನಿನ ಈ ತುದಿಯಲ್ಲಿ ನಾವೂ ಇರುತ್ತೇವೆ ಎಂಬುದನ್ನು ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ. ಡೋರ್‌ಬೆಲ್ ಕ್ಯಾಮೆರಾದಲ್ಲಿ ಕಪ್ಪು ಹುಡುಗ ಕಂಡರೆ ಬಡಾವಣೆಯ ವಾಟ್ಸಾಪಿನಲ್ಲಿ "ಎಚ್ಚರ" ಎಂದು ಮೊದಲು ಹಾಕುವವರಲ್ಲಿ ನಮ್ಮವರೂ ಕಡಿಮೆಯಿಲ್ಲ. 911ಕ್ಕೆ ಮಾತಾಡುವಾಗ ಮೊದಲು ಅವನು ಏನು ಮಾಡುತ್ತಿದ್ದಾನೆ ಹೇಳಿ: ಬಾಗಿಲು ಮೀಟುತ್ತಿದ್ದಾನೋ, ಕಾರಿನ ಗಾಜು ಒಡೆದನೋ. ಬಣ್ಣ, ಬಟ್ಟೆ ಆಮೇಲೆ, ಗುರುತಿಗೆ ಮಾತ್ರ. "ಸುಮ್ಮನೆ ನಡೆಯುತ್ತಿದ್ದಾನೆ" ಎಂಬುದೇ ಉತ್ತರವಾದರೆ ಫೋನ್ ಮಾಡಬೇಡಿ. ಮಾನಸಿಕ ಸಂಕಟದ ಕರೆಗೆ 988 ಇದೆ, 2022ರ ಜುಲೈನಿಂದ.

ಓದುಗರೊಬ್ಬರ ಪ್ರತಿಕ್ರಿಯೆ

ಕಾನೂನಿನ ಭಾಗಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. "ಆ ಕ್ಷಣ" ಎಂಬುದನ್ನು ಕೆಲವು ಕೋರ್ಟುಗಳು ಗುಂಡು ಹಾರಿದ ಒಂದೆರಡು ಸೆಕೆಂಡಿಗೆ ಕಿರಿದು ಮಾಡಿದ್ದವು. 2025ರ ಮೇ ತಿಂಗಳಲ್ಲಿ ಬಾರ್ನ್ಸ್ ವಿರುದ್ಧ ಫೀಲಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪೆಂದಿತು; ಅದಕ್ಕೆ ಮೊದಲು ನಡೆದದ್ದನ್ನೂ ಸೇರಿಸಿ ಇಡೀ ಸನ್ನಿವೇಶ ನೋಡಬೇಕು. ಆ ಪ್ರಕರಣ ಶುರುವಾದದ್ದೇ ಹ್ಯೂಸ್ಟನ್ ಬಳಿ ಟೋಲ್ ಬಾಕಿಗಾಗಿ ತಡೆದ ಕಾರಿನಿಂದ. ಟೋಲ್ ಬಿಲ್ಲು, ನಂಬರ್ ಪ್ಲೇಟಿನ ನೋಂದಣಿ ಸ್ಟಿಕ್ಕರು ಬಾಕಿ ಇರುವ ಕಾರನ್ನು ಮಕ್ಕಳ ಕೈಗೆ ಕೊಡಬೇಡಿ.

ಶಾಲೆಯಲ್ಲಿ ಪೊಲೀಸರು ಮಕ್ಕಳನ್ನು ಪ್ರಶ್ನಿಸುವ ವಿಷಯವೂ ಬಿಟ್ಟುಹೋಗಿದೆ. ಅಪ್ಪ-ಅಮ್ಮನಿಗೆ ಹೇಳಿಯೇ ಪ್ರಶ್ನಿಸಬೇಕೆಂಬ ನಿಯಮ ಹಲವು ರಾಜ್ಯಗಳಲ್ಲಿ ಇಲ್ಲ. ಸುಮ್ಮನೆ ಕೂತರೆ ಸಾಲದು. 2010ರ ತೀರ್ಪಿನ ಪ್ರಕಾರ ಮೌನದ ಹಕ್ಕನ್ನೂ ಬಾಯಿಬಿಟ್ಟು ಹೇಳಬೇಕು. "ನನಗೆ ವಕೀಲರು ಬೇಕು, ಅಲ್ಲಿವರೆಗೆ ಮಾತಾಡುವುದಿಲ್ಲ" ಎಂಬ ಒಂದು ಇಂಗ್ಲಿಷ್ ವಾಕ್ಯ ಕಲಿಸಿ. ಬಹುಶಃ, ಇರಬಹುದು ಎಂದು ಎಳೆದರೆ ಲೆಕ್ಕಕ್ಕಿಲ್ಲ.

ಏನಾದರೂ ಆದ ಮೇಲೆ ನಮ್ಮವರು ಕಳೆದುಕೊಳ್ಳುವುದು ದಿನಗಳನ್ನು. ನ್ಯೂಯಾರ್ಕಿನಲ್ಲಿ ನಗರದ ಮೇಲೆ ರಾಜ್ಯ ಕಾನೂನಿನಡಿ ದಾವೆ ಹೂಡಲು 90 ದಿನದೊಳಗೆ ನೋಟಿಸ್ ಕೊಡಬೇಕು, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು. ಫೆಡರಲ್ ನಾಗರಿಕ ಹಕ್ಕಿನ ದಾವೆಗೆ ಟೆಕ್ಸಸ್‌ನಲ್ಲಿ 2 ವರ್ಷ, ನ್ಯೂಯಾರ್ಕಿನಲ್ಲಿ 3. ಅಧಿಕಾರಿಯ ಮೈಮೇಲಿನ ಕ್ಯಾಮೆರಾದ ದೃಶ್ಯ ಅಷ್ಟು ದಿನ ಕಾಯುವುದಿಲ್ಲ, ಇಲಾಖೆಯ ಅವಧಿ ಮುಗಿದರೆ ಅಳಿಸಿಹೋಗುತ್ತದೆ. ಅದನ್ನು ಉಳಿಸಿಡಿ ಎಂಬ ಪತ್ರ ವಕೀಲರ ಮೂಲಕ ಮೊದಲ ವಾರವೇ ಹೋಗಲಿ. ಎಚ್-1ಬಿ ಅಥವಾ ಗ್ರೀನ್ ಕಾರ್ಡಿನವರು "ಸಣ್ಣ ಕೇಸು, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸೋಣ" ಎಂದು ಸಹಿ ಹಾಕುವ ಮೊದಲು ವಲಸೆ ಕಾನೂನು ಬಲ್ಲ ಬೇರೆ ವಕೀಲರಿಗೆ ಆ ಕಾಗದ ತೋರಿಸಿ.